ಸಿಗರೇಟು ಬಿಡುವಾಗ ಮನಸ್ಸಿನಲ್ಲಿ ಯಾವ ಚಿತ್ರ ಇರಬೇಕು? ನಾನು ಪ್ರಯೋಗಿಸಿದ ನಾಲ್ಕು ಬಗೆ

ಸೇದಬೇಕು ಅನ್ನುವ ತುಡಿತ ಮಾತಾಗಿ ಬರುವುದು ಕಡಿಮೆ, ಚಿತ್ರವಾಗಿ ಬರುವುದೇ ಜಾಸ್ತಿ. ಬೆರಳ ಸಂದಿಯಲ್ಲಿ ಸಿಗರೇಟು, ಕಡ್ಡಿ ಗೀರಿದ ವಾಸನೆ, ಮೊದಲ ದಮ್ಮು ಎದೆಗೆ ಇಳಿಯುವ ಬಿಸಿ. ಡೇವಿಡ್ ಕವನಾ, ಜಾಕಿ ಆಂಡ್ರೇಡ್, ಜಾನ್ ಮೇ ಎಂಬ ಮನಶ್ಶಾಸ್ತ್ರಜ್ಞರು 2005ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳೂ ಇದೇ: ಇಂಥ ಚಿತ್ರಗಳನ್ನು ಕಟ್ಟಿಕೊಂಡಷ್ಟೂ ತುಡಿತಕ್ಕೆ ಬಲ ಬರುತ್ತದೆ. ಹಾಗಾದರೆ ಅದರ ಜಾಗದಲ್ಲಿ ಬೇರೆ ಏನನ್ನು ಕೂರಿಸಬೇಕು?

ಎಲ್ಲರೂ ಮೊದಲು ಹೇಳುವುದು ಹೇಸಿಗೆಯ ಚಿತ್ರ. ಸಿಗರೇಟು ತುಟಿಗೆ ಬಂದ ಕೂಡಲೇ ಹೊಟ್ಟೆ ತೊಳಸಿ ವಾಂತಿ ಬಂದಂತೆ, ಎಸೆದ ಕೂಡಲೇ ಹಾಯೆನಿಸಿದಂತೆ ಕಲ್ಪಿಸಿಕೊಳ್ಳಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಕಾಟೆಲಾ 1960ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಮನಸ್ಸು ನಿರಾಳವಾಗಿದ್ದಾಗ ನನಗೆ ಇದು ಕೆಲಸ ಮಾಡಿತು. ಟೆನ್ಷನ್ ಇದ್ದಾಗ ಮಾತ್ರ ತಿರುಗಿಬಿತ್ತು. ಈ ಚಿತ್ರದ ನಡುವೆಯೂ ಇರುವುದು ಸಿಗರೇಟೇ ಅಲ್ವಾ? ಹೇಸಿಗೆಯ ಭಾಗ ಬೇಗ ಮಸುಕಾಗುತ್ತಿತ್ತು, ಸಿಗರೇಟು ಉಳಿದುಬಿಡುತ್ತಿತ್ತು. ಕಪ್ಪಾದ ಶ್ವಾಸಕೋಶವನ್ನು ನೆನೆದರೂ ಅಷ್ಟೇ. ಹೆದರಿಕೆ ಹೆಚ್ಚಿತು. ಹೆದರಿದಾಗ ಸೇದುವುದೇ ಅಭ್ಯಾಸವಾಗಿದ್ದವರಿಗೆ ಅದು ಇನ್ನೊಂದು ನೆಪ. ಬೇಗ ಗಾಬರಿಯಾಗುವವರಿಗೆ ಈ ದಾರಿ ಬೇಡ ಅನ್ನುತ್ತೇನೆ.

ನನ್ನನ್ನು ನಿಜವಾಗಿ ಕಾಪಾಡಿದ್ದು ಸಿಗರೇಟಿಗೆ ಸಂಬಂಧವೇ ಇಲ್ಲದ ಚಿತ್ರ. ಗೊತ್ತಿರುವ ಒಂದು ಮನೆಯೊಳಗೆ ಕಣ್ಣು ಮುಚ್ಚಿ ನಡೆಯುತ್ತಿದ್ದೆ. ಬಾಗಿಲ ಚಿಲಕ ಯಾವ ಕಡೆ? ಕಿಟಕಿಗೆ ಎಷ್ಟು ಸರಳು? ಗೋಡೆಯ ಬಣ್ಣ ಎಲ್ಲಿ ಎದ್ದಿದೆ? ಮನಸ್ಸಿನ ಕಣ್ಣಿಗೆ ಒಮ್ಮೆಗೆ ಹಿಡಿಸುವುದು ಸ್ವಲ್ಪವೇ. ಮನೆ ಸ್ಪಷ್ಟವಾದಷ್ಟೂ ಸಿಗರೇಟಿಗೆ ಜಾಗ ಕಡಿಮೆ. ಸುಮ್ನೆ 'ಚೆಂದದ ಜಾಗ' ಅಂತ ನೆನೆದರೆ ಏನೂ ಆಗುವುದಿಲ್ಲ, ವಿವರ ಬೇಕು, ಚಲನೆ ಬೇಕು. ಒಂದು ತುಡಿತ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಎರಡು ಮೂರು ಕೋಣೆ ದಾಟುವಷ್ಟರಲ್ಲಿ ನನ್ನದು ಸಡಿಲವಾಗುತ್ತಿತ್ತು. ಮನಸ್ಸಿನಲ್ಲಿ ಚಿತ್ರ ಮೂಡಿಸಿಕೊಳ್ಳುವುದೇ ಕಷ್ಟ ಅನ್ನುವವರು ಫೋನಿನಲ್ಲಿ ಟೆಟ್ರಿಸ್ (ಮೇಲಿಂದ ಬೀಳುವ ತುಂಡುಗಳನ್ನು ಹೊಂದಿಸುವ ಆಟ) ಆಡಬಹುದು. ಅದು ತುಡಿತವನ್ನು ತಗ್ಗಿಸುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ.

ತುಡಿತವನ್ನೇ ಅಲೆಯಾಗಿ ನೋಡುವ ವಿಧಾನ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅವರದು. ತಡೆಯಬೇಡಿ, ಅದು ಏರಿ ಇಳಿಯುವುದನ್ನು ನೋಡುತ್ತಾ ಇರಿ ಅನ್ನುತ್ತದೆ. ಒಳ್ಳೆಯದೇ, ಆದರೆ ಶುರುವಿನ ದಿನಗಳಿಗೆ ಅಲ್ಲ. ನಿಕೋಟಿನ್ ಇಲ್ಲದ ಕಿರಿಕಿರಿ ಮೊದಲ ಕೆಲವು ದಿನ ತುಂಬಾ ಜೋರಾಗಿರುತ್ತದೆ, ಆಗ ಸುಮ್ಮನೆ ನೋಡುತ್ತಾ ಕೂರುವುದು ನನ್ನಿಂದ ಆಗಲಿಲ್ಲ. ವಾರಗಳು ಕಳೆದ ಮೇಲೆ ಇದು ಹಿಡಿಸಿತು.

ಕೊನೆಯದು ರಿಹರ್ಸಲ್. ಬೆಳಿಗ್ಗೆಯೇ ಆ ದಿನದ ಗಂಡಾಂತರದ ಗಳಿಗೆಯನ್ನು ನೋಡಿಬಿಡುವುದು: ಗೆಳೆಯ ಪ್ಯಾಕೆಟ್ಟು ಚಾಚುತ್ತಾನೆ, "ಬೇಡ ಕಣೋ, ಬಿಟ್ಟಿದ್ದೀನಿ" ಅನ್ನುತ್ತೇನೆ, ನೀರಿನ ಬಾಟಲಿಗೆ ಕೈ ಹಾಕುತ್ತೇನೆ. ಉಸಿರು ಕಟ್ಟದೆ ಓಡುತ್ತಿರುವ ಮುಂದಿನ ನನ್ನನ್ನು ಕಲ್ಪಿಸಿಕೊಂಡೂ ನೋಡಿದೆ. ಖುಷಿ ಕೊಟ್ಟಿತು, ಆದರೆ ಪ್ಯಾಕೆಟ್ಟು ಎದುರಿಗೆ ಬಂದಾಗ ಏನು ಮಾಡಬೇಕೆಂದು ಅದು ಹೇಳಲಿಲ್ಲ. ರಿಹರ್ಸಲ್ ಹೇಳಿತು. ಗೆಳೆಯರ ನಡುವೆ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಒಂಟಿಯಾಗಿದ್ದಾಗ ಮನೆಯೊಳಗಿನ ನಡಿಗೆಯೇ ಮೇಲು.

ಇದನ್ನೆಲ್ಲ ಔಷಧಿಗೆ ಬದಲಾಗಿ ಹಿಡಿಯಬೇಡಿ. ನಾನು ನಿಕೋಟಿನ್ ಇರುವ ಚೂಯಿಂಗ್ ಗಮ್ಮನ್ನೂ ಬಳಸಿದೆ. ಸಿಗರೇಟಿನ ನಿಕೋಟಿನ್ ಸೆಕೆಂಡುಗಳಲ್ಲಿ ಮಿದುಳು ಮುಟ್ಟುತ್ತದೆ, ಗಮ್ಮಿನದು ನಿಧಾನ. ಗಮ್ಮು ಅಗಿದು ಚುರುಗುಟ್ಟಿದಾಗ ಕೆನ್ನೆಯ ಒಳಬದಿಗೆ ಒತ್ತಿಟ್ಟುಕೊಳ್ಳಿ. ಅದು ಹತ್ತುವವರೆಗೂ ಆ ಮನೆಯ ಕೋಣೆಗಳಲ್ಲಿ ನಡೆಯುತ್ತಿರಿ.