ಕೊಟೇಶನ್‌ಗೆ ಮೊದಲು ಒಂದು ರಿಪೋರ್ಟ್: ಪೇಜ್‌ಸ್ಪೀಡ್ ಇನ್‌ಸೈಟ್ಸ್ ರಿವ್ಯೂ

ದಾವಣಗೆರೆಯಲ್ಲಿ ಅಂಗಡಿ, ಲಾಡ್ಜ್, ನರ್ಸಿಂಗ್ ಹೋಂಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಇದರಲ್ಲಿ ಕೋಡಿಂಗ್‌ಗಿಂತ ಕಷ್ಟದ್ದು ಪ್ರೊಪೋಸಲ್ ಬರೆಯುವುದು. "ಒಂದು ಕೊಟೇಶನ್ ಕಳಿಸ್ರಿ ಮೇಡಂ" ಅಂತಾರೆ. ಕಳಿಸಿದರೆ ಕೊನೆಯ ಪುಟದ ಮೊತ್ತ ನೋಡಿ, ಇನ್ನೊಬ್ಬರದಕ್ಕೆ ಹೋಲಿಸಿ, ಕಡಿಮೆ ಹೇಳಿದವರಿಗೆ ಕೆಲಸ ಕೊಡ್ತಾರೆ. ಅವರನ್ನು ದೂರುವಂತಿಲ್ಲ. ಪುಟಗಟ್ಟಲೆ ನಮ್ಮ ಅನುಭವ, ನಮ್ಮ ಟೆಕ್ನಾಲಜಿ ಅಂತ ತುಂಬಿಸಿದ ಕಾಗದದಲ್ಲಿ ಅವರಿಗೆ ತಿಳಿಯುವುದು ಮೊತ್ತವೊಂದೇ.

ಹಾಗಾಗಿ ನನ್ನ ಪ್ರೊಪೋಸಲ್‌ಗಳು ಈಗ ಗ್ರಾಹಕರ ಹಳೇ ಸೈಟಿನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ರಿಪೋರ್ಟಿನಿಂದಲೇ ಶುರುವಾಗುತ್ತವೆ. ಸೈಟ್ ಎಷ್ಟು ಬೇಗ ತೆರೆಯುತ್ತದೆ ಅಂತ ಅಳೆಯುವ ಗೂಗಲ್‌ನ ಈ ಟೂಲ್ ಉಚಿತ, ಲಾಗಿನ್ ಬೇಡ. ವಿಳಾಸ ಹಾಕಿದರೆ ಅರ್ಧ ಒಂದು ನಿಮಿಷದಲ್ಲಿ 100ಕ್ಕೆ ಇಷ್ಟು ಅಂತ ಅಂಕ ಬರುತ್ತದೆ: 90ರಿಂದ ಮೇಲೆ ಹಸಿರು, 50ರಿಂದ 89 ಕಿತ್ತಳೆ, ಅದಕ್ಕೂ ಕೆಳಗೆ ಕೆಂಪು.

ಮಂಡಿಪೇಟೆಯ ಸೀರೆ ಅಂಗಡಿಯೊಂದರಲ್ಲಿ ಕೂತಾಗ ನಡೆದದ್ದು ಹೇಳ್ತೀನಿ. "ನಮ್ ಸೈಟ್ ಚಲೋನೇ ಐತಲ್ಲ ಮೇಡಂ, ಮತ್ಯಾಕೆ ಖರ್ಚು?" ಅಂದರು ಯಜಮಾನರು. ಅಂಗಡಿಯ ಕಂಪ್ಯೂಟರಿನಲ್ಲಿ, ವೈಫೈನಲ್ಲಿ ನೋಡಿದರೆ ಅದು ನಿಜವೇ. ಅವರ ಫೋನ್ ಇಸಿದುಕೊಂಡು ಅದರಲ್ಲೇ ಟೆಸ್ಟ್ ಹಾಕಿದೆ. ಕೆಂಪು ವೃತ್ತದೊಳಗೆ 31. ಪುಟದ ದೊಡ್ಡ ಚಿತ್ರ ಕಾಣಿಸಲು 11 ಸೆಕೆಂಡಿನ ಮೇಲೆ. ಕೆಳಗೆ ಜರುಗಿಸಿದರೆ ಕಾರಣವೂ ಇತ್ತು: ಮೇಲ್ಗಡೆ ಸರಿದಾಡುವ ಬ್ಯಾನರಿನ ಒಂದೊಂದು ಫೋಟೋ ಕ್ಯಾಮೆರಾದಿಂದ ತೆಗೆದದ್ದು ಹಾಗೇ ಏರಿಸಿದ್ದು, ಒಂದೊಂದೂ 5 ಎಂಬಿಯ ಆಸುಪಾಸು. ಯಜಮಾನರು ಮಗನನ್ನು ಕರೆದು, "ನೋಡಪ್ಪ, ಇಷ್ಟೊತ್ತು ಯಾರು ಕಾಯ್ತಾರೆ?" ಅಂದರು. ನಾನು ಒಂದು ಪುಟ ಬರೆದು ಒಪ್ಪಿಸಬೇಕಿದ್ದ ಮಾತು ಅದು.

ಮೊಬೈಲ್ ಟೆಸ್ಟನ್ನು ಈ ಟೂಲ್ ಮಾಡುವ ರೀತಿ ನನಗೆ ತುಂಬ ಹಿಡಿಸಿದೆ. ಸಾಧಾರಣ ಆಂಡ್ರಾಯ್ಡ್ ಫೋನು, ನಿಧಾನವಾದ 4ಜಿ ಅಂತ ಇಟ್ಟುಕೊಂಡೇ ಅಳೆಯುತ್ತದೆ. ಹರಿಹರದಿಂದ ಬಸ್ಸಿನಲ್ಲಿ ಬರುತ್ತಾ ಸೀರೆ ನೋಡುವ ಹೆಣ್ಣುಮಗಳ ಕೈಯಲ್ಲಿರುವುದೂ ಅಂಥದ್ದೇ ಫೋನು. ರಿಪೋರ್ಟಿನ ಮೇಲ್ಗಡೆಯ ಭಾಗದಲ್ಲಿ ಹಿಂದಿನ 28 ದಿನಗಳಲ್ಲಿ ಕ್ರೋಮ್ ಬಳಸಿ ಬಂದ ನಿಜವಾದ ಜನರ ಅನುಭವದ ಲೆಕ್ಕ ಇರುತ್ತದೆ. ಆದರೆ ನಮ್ಮೂರಿನ ಸಣ್ಣ ಸೈಟುಗಳಿಗೆ ಅಷ್ಟು ಜನ ಬರದ ಕಾರಣ ಆ ಜಾಗ ಬಹುತೇಕ ಖಾಲಿ. ಕೆಳಗಿನ ಟೆಸ್ಟೇ ಆಧಾರ.

ಒಂದು ಕೊರತೆ ಚೆನ್ನಾಗಿ ತಿಳಿದಿರಬೇಕು. ಅದೇ ಪುಟವನ್ನು ಮತ್ತೆ ಮತ್ತೆ ಹಾಕಿದರೆ ಅಂಕ ಮೇಲೆ ಕೆಳಗೆ ಆಗುತ್ತದೆ. ಅದರಲ್ಲಿ ತೀರಾ ಕಡಿಮೆ ಬಂದದ್ದನ್ನೇ ಆರಿಸಿ ಗ್ರಾಹಕರನ್ನು ಹೆದರಿಸುವವರಿದ್ದಾರೆ. ಅದು ಮೋಸ. ನಾನು ಹಲವು ಸಲ ಹಾಕಿ ನಡುವಿನ ಅಂಕ ತೆಗೆದುಕೊಳ್ತೀನಿ, ಡೆಸ್ಕ್‌ಟಾಪ್ ಅಂಕವನ್ನೂ ಪಕ್ಕದಲ್ಲೇ ಇಡ್ತೀನಿ. ಫೋಟೋ ಕುಗ್ಗಿಸಿ ವೆಬ್‌ಪಿ (ಕಡಿಮೆ ತೂಕದ ಫೋಟೋ ಫಾರ್ಮ್ಯಾಟ್) ಮಾಡಿದರೆ ಸಾಕು, ಹೊಸ ಸೈಟ್ ಬೇಡ ಅನ್ನಿಸಿದರೆ ಹಾಗೇ ಬರೀತೀನಿ. ಆ ಸಣ್ಣ ಕೆಲಸ ಮಾಡಿಸಿದವರು ಆಮೇಲೆ ದೊಡ್ಡದಕ್ಕೂ ಕರೀತಾರೆ.

ಇನ್ನೊಂದು, ಪ್ರೊಪೋಸಲ್‌ನಲ್ಲಿ "90 ಅಂಕ ಗ್ಯಾರಂಟಿ" ಅಂತ ಬರೆಯಬೇಡಿ. ನಾಳೆ ಅವರೇ ಚಾಟ್ ಬಟನ್ನೋ ಜಾಹೀರಾತಿನ ಕೋಡೋ ಸೇರಿಸಿದರೆ ಅಂಕ ಬೀಳುತ್ತದೆ, ಜಗಳ ನಮ್ಮ ಮೇಲೆ. ನಾನು ಬರೆಯುವುದು ಹೀಗೆ: "ಸೈಟ್ ಒಪ್ಪಿಸುವ ದಿನ, ಮುಖಪುಟದ ಮುಖ್ಯ ಚಿತ್ರ ಈ ಮೊಬೈಲ್ ಟೆಸ್ಟಿನಲ್ಲಿ 2.5 ಸೆಕೆಂಡಿನೊಳಗೆ ಕಾಣಬೇಕು. ನಿಮ್ಮೆದುರೇ ಟೆಸ್ಟ್ ಹಾಕಿ ತೋರಿಸಿದ ಮೇಲೆ ಕೊನೆಯ ಕಂತು ಕೊಡಿ." 2.5 ಸೆಕೆಂಡ್ ಗೂಗಲ್ಲೇ ಒಳ್ಳೆಯದು ಎನ್ನುವ ಮಿತಿ. ಕೊನೆಯ ಕಂತನ್ನು ಅದಕ್ಕೆ ಕಟ್ಟಿದ ಮೇಲೆ ರೇಟಿನ ಚೌಕಾಸಿ ಬಹಳ ಕಡಿಮೆಯಾಗಿದೆ.

ಗ್ರಾಹಕರಿಗೆ ರಿಪೋರ್ಟನ್ನು ಹಾಗೇ ಫಾರ್ವರ್ಡ್ ಮಾಡಿ ಸುಮ್ಮನಾಗಬೇಡಿ. ಇಂಗ್ಲಿಷಿನ ಸಾಲುಗಳು, ಎಲ್‌ಸಿಪಿ (ಪುಟದ ದೊಡ್ಡ ಚಿತ್ರ ಅಥವಾ ಬರಹ ಕಾಣಲು ಹಿಡಿಯುವ ಹೊತ್ತು), ಸಿಎಲ್‌ಎಸ್ (ಪುಟ ಎಷ್ಟು ಜಿಗಿಯುತ್ತದೆ ಅನ್ನುವ ಲೆಕ್ಕ), 2024ರ ಮಾರ್ಚ್‌ನಿಂದ ಲೆಕ್ಕಕ್ಕೆ ಬಂದ ಐಎನ್‌ಪಿ (ಒತ್ತಿದ್ದಕ್ಕೆ ಪುಟ ಸ್ಪಂದಿಸಲು ಹಿಡಿಯುವ ಹೊತ್ತು), ಯಾವುದೂ ಅವರಿಗೆ ಬೇಕಿಲ್ಲ. ಪ್ರತಿಯೊಂದರ ಕೆಳಗೆ ಕನ್ನಡದಲ್ಲಿ ಒಂದೊಂದು ಸಾಲು ಬರೀರಿ. ಸಿಎಲ್‌ಎಸ್‌ಗೆ ನನ್ನ ಸಾಲು: "ಫೋನ್ ನಂಬರ್ ಒತ್ತಲು ಹೋದಾಗ ಪುಟ ಜಿಗಿದು ಬೇರೆಲ್ಲೋ ಬೆರಳು ಬೀಳುತ್ತದೆ."

ಬಳಸಿ ಅಂತ ಧೈರ್ಯವಾಗಿ ಹೇಳ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದದ್ದು ಈ ಟೂಲ್ ಮುಟ್ಟದ ವಿಷಯಗಳಿಗೆ. ಸೈಟಿನಲ್ಲಿರುವ ನಂಬರ್ ಚಾಲ್ತಿಯಲ್ಲಿದೆಯೋ, ರೇಟು ಯಾವ ವರ್ಷದ್ದೋ, ಮ್ಯಾಪ್ ಹಳೇ ಅಂಗಡಿಗೆ ಕರೆದೊಯ್ಯುತ್ತದೋ, ಇದಕ್ಕೆ ತಿಳಿಯದು. ಆ ನಂಬರಿಗೆ ನಾನೇ ಫೋನ್ ಹಚ್ಚಿ, ಮ್ಯಾಪ್ ಹಿಡಿದು ಅಂಗಡಿವರೆಗೂ ಹೋಗಿ ನೋಡ್ತೀನಿ. ಸಿಕ್ಕಿದ್ದನ್ನೆಲ್ಲ ಪ್ರೊಪೋಸಲ್‌ನ ಎರಡನೇ ಪುಟದಲ್ಲಿ ಬರೀತೀನಿ.