ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್: 20 ನಿಮಿಷದ ಕೆಲಸಕ್ಕೆ ಮೂರು ಸಂಜೆ
ಮನೆಯಲ್ಲಿ 2014ರ ಲ್ಯಾಪ್‌ಟಾಪ್ ಒಂದಿದೆ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್ಯಾಮ್. ಅಪ್ಪ ಅದರಲ್ಲಿ ಪೇಪರ್ ಓದುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ, ಅಷ್ಟೇ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರೇ ಬೇಕು. ಹಾಗಾಗಿ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಇಳಿಸಿಕೊಂಡೆ.

ಮೊದಲ ಸಂಜೆ ಪೆನ್‌ಡ್ರೈವ್ ಜೊತೆಗೇ ಕಳೆಯಿತು. ಇಳಿಸಿದ್ದನ್ನು ಪೆನ್‌ಡ್ರೈವ್‌ಗೆ ಬರೆಯುವ ರೂಫಸ್ ತಂತ್ರಾಂಶದಲ್ಲಿ ಜಿಪಿಟಿ (ಹೊಸ ಯುಇಎಫ್‌ಐ ಬೂಟ್‌ಗೆ ಹೊಂದುವ ಬಗೆ) ಆರಿಸಿ ಬರೆದಿದ್ದೆ, ಆದರೆ ಬಯಾಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಸೆಟಪ್) ಹಳೇ ಲೆಗಸಿ ಮೋಡ್‌ನಲ್ಲಿತ್ತು, ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಇಲ್ಲ. ನಾನು ಪೆನ್‌ಡ್ರೈವನ್ನೇ ಬೈದುಕೊಂಡು ಎರಡು ಸಲ ಮತ್ತೆ ಬರೆದೆ. ಬಯಾಸ್‌ನಲ್ಲಿ ಯುಇಎಫ್‌ಐ ಅಂತ ಬದಲಾಯಿಸಿದ ಕೂಡಲೇ ಬಂತು.

ಇನ್‌ಸ್ಟಾಲ್ ಮಾತ್ರ ನಿಜಕ್ಕೂ ಸಲೀಸು. ಭಾಷೆ, ಟೈಮ್‌ಝೋನ್, ಡಿಸ್ಕ್ ಪೂರ್ತಿ ಅಳಿಸು, ಮುಗೀತು. (ಫೋಟೋಗಳನ್ನು ಮೊದಲೇ ಬೇರೆ ಕಡೆ ಹಾಕಿಟ್ಟಿದ್ದೆ. ನೀವೂ ಹಾಕಿಡಿ, ಆಮೇಲೆ ಅಳಬೇಡಿ.)

ಆಮೇಲೆ ನೋಡಿದರೆ ವೈಫೈ ಇಲ್ಲ! ಹತ್ತಿರದ ರಿಪೇರಿ ಅಂಗಡಿಯವರು ಫೋನ್‌ನಲ್ಲೇ "ಕಾರ್ಡ್ ಹೋಗಿದೆ, ಬದಲಾಯಿಸಬೇಕು" ಅಂದುಬಿಟ್ಟರು. ನಿನ್ನೆ ತನಕ ವಿಂಡೋಸ್‌ನಲ್ಲಿ ಓಡುತ್ತಿದ್ದ ಕಾರ್ಡ್ ರಾತ್ರೋರಾತ್ರಿ ಹೇಗೆ ಹೋಗುತ್ತೆ, ಅಲ್ವಾ? ಆ ಚಿಪ್‌ನ ಡ್ರೈವರ್ (ಅದನ್ನು ಓಡಿಸುವ ತಂತ್ರಾಂಶ) ಬೇರೆಯಾಗಿ ಹಾಕಬೇಕಿತ್ತು. ಅದಕ್ಕೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ದಾರಿ ಸುಲಭದ್ದೇ: ಮೊಬೈಲನ್ನು ಚಾರ್ಜರ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು, ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಅಲ್ಲೇ ಪಟ್ಟಿಯಲ್ಲಿತ್ತು.

ರೀಸ್ಟಾರ್ಟ್ ಮಾಡಿದೆ. ಆಗಲೂ ವೈಫೈ ಇಲ್ಲ. ಈ ಸಲ ಅಡ್ಡ ಬಂದದ್ದು ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ ಡ್ರೈವರ್ ಓಡಲು ಬಿಡದ ಭದ್ರತಾ ವ್ಯವಸ್ಥೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದಾಗ 'ಎನ್‌ರೋಲ್ ಎಂಒಕೆ' (ಈ ಡ್ರೈವರ್‌ನ ಸಹಿಯನ್ನು ನಂಬು ಅಂತ) ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಹತ್ತೇ ಸೆಕೆಂಡ್ ಇರುತ್ತದೆ. ನಾನು ಆಗ ಕಾಫಿ ತರಲು ಎದ್ದು ಹೋಗಿದ್ದೆ. ಕೊನೆಗೆ ಬೇಸತ್ತು ಬಯಾಸ್‌ನಲ್ಲಿ ಸೆಕ್ಯೂರ್ ಬೂಟನ್ನೇ ಆಫ್ ಮಾಡಿದೆ, ವೈಫೈ ಬಂತು. ಅದು ಒಳ್ಳೇ ಅಭ್ಯಾಸ ಅಲ್ಲ, ಗೊತ್ತು. ಮನೆ ಬಿಟ್ಟು ಹೊರಗೆ ಹೋಗದ ಲ್ಯಾಪ್‌ಟಾಪ್, ನಡೆಯುತ್ತೆ.

ಈಗ ಸುಮ್ನೆ ಆನ್ ಆಗಿ ಕೂತಾಗ 800 ಎಂಬಿ ಆಸುಪಾಸು ರ್ಯಾಮ್ ತಿನ್ನುತ್ತದೆ. ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತನಕ ಆರಾಮ, ಅದಕ್ಕಿಂತ ಜಾಸ್ತಿ ತೆರೆದರೆ ಏದುಸಿರು ಬಿಡುತ್ತದೆ. ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, ನಾನು 240 ಜಿಬಿಯದು ಹಾಕಿದ್ದೇನೆ, ವೇಗ ಹೆಚ್ಚಿದ್ದರಲ್ಲಿ ಅರ್ಧ ಪಾಲು ಅದರಿಂದಲೇ. ಕನ್ನಡ ಟೈಪಿಂಗ್‌ಗೆ ಏನನ್ನೂ ಇಳಿಸಬೇಕಿಲ್ಲ, ಕೀಬೋರ್ಡ್ ಲೇಔಟ್‌ನಲ್ಲಿ ಕಗಪ ಅನ್ನುವ ಕನ್ನಡ ಕೀ ಜೋಡಣೆ ಇದೆ. ಆದರೆ ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೇ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಮಾಡಿದ ಫೈಲುಗಳು ಲಿಬ್ರೆಆಫೀಸ್‌ನಲ್ಲಿ (ಎಂಎಸ್ ಆಫೀಸ್‌ನಂಥ ಉಚಿತ ತಂತ್ರಾಂಶ) ತೆರೆದಾಗ ಬರೀ ಇಂಗ್ಲಿಷ್ ಅಕ್ಷರದ ಗೊಜ್ಜು. ನುಡಿ ಫಾಂಟ್ ಫೈಲುಗಳನ್ನು ತಂದು ಇಲ್ಲಿ ಇನ್‌ಸ್ಟಾಲ್ ಮಾಡಿದ ಮೇಲೆ ಅಪ್ಪನ ಸಂಘದ ಹತ್ತು ವರ್ಷದ ನಡಾವಳಿ ಮತ್ತೆ ಓದಲು ಬಂತು.