ಒಂದೇ ಯುದ್ಧ, ನಾಲ್ಕು ರೂಲ್ಸ್: ಗೊಂಬೆ ಸೈನ್ಯದ ಆಟಕ್ಕೆ ಎಷ್ಟು ವಿವರ ಬೇಕು?

ಚಿಕ್ಕ ಗೊಂಬೆ ಸೈನಿಕರನ್ನು ಟೇಬಲ್ ಮೇಲಿಟ್ಟು ಪ್ರಾಚೀನ ಕಾಲದ ಯುದ್ಧ ಆಡುವವರಲ್ಲಿ ಒಂದು ಜಗಳ ಯಾವತ್ತೂ ಮುಗಿಯುವುದಿಲ್ಲ. ರೂಲ್ಸ್ ಸರಳವಾಗಿರಬೇಕಾ, ವಿವರವಾಗಿರಬೇಕಾ? ಸುಮ್ನೆ ವಾದ ಮಾಡುವ ಬದಲು ನಾನು ಮತ್ತು ನನ್ನ ಗೆಳೆಯ ಒಂದೇ ಯುದ್ಧವನ್ನು ನಾಲ್ಕು ರೂಲ್ಸ್‌ನಲ್ಲಿ ಆಡಿ ನೋಡಿದೆವು. ಗೊಂಬೆ ಸಾಲದ ಕಡೆ ರಟ್ಟಿನ ತುಂಡು. ಆಟಕ್ಕೆ ಅದರಿಂದ ಏನೂ ಕೊರತೆಯಾಗಲಿಲ್ಲ.

ಆರಿಸಿದ್ದು ಗ್ರೀಸ್‌ನ ಥೆಸಲಿಯಲ್ಲಿ ಕ್ರಿ.ಪೂ. 197ರಲ್ಲಿ ನಡೆದ ಕಿನೋಸ್ಕೆಫಲೈ ಯುದ್ಧ. ಒಂದು ಕಡೆ ಮ್ಯಾಸಿಡೋನಿಯದ ಐದನೇ ಫಿಲಿಪ್, ಇನ್ನೊಂದು ಕಡೆ ರೋಮಿನ ಫ್ಲಮಿನಿನಸ್. ಬೆಳಗಿನ ಮಂಜಿನಲ್ಲಿ ಎರಡು ಸೈನ್ಯಗಳ ಮುಂಚೂಣಿ ತುಕಡಿಗಳು ಗುಡ್ಡದ ಮೇಲೆ ಡಿಕ್ಕಿ ಹೊಡೆದವು, ಅಲ್ಲಿಂದ ಜಗಳ ದೊಡ್ಡದಾಯಿತು. ಫಿಲಿಪ್‌ನ ಬಲಗಡೆಯ ಉದ್ದ ಈಟಿಯ ದಂಡು ಇಳಿಜಾರಿನಲ್ಲಿ ರೋಮನ್ನರನ್ನು ಹಿಂದಕ್ಕೆ ತಳ್ಳುತ್ತಿತ್ತು. ಆದರೆ ಅವನ ಎಡಗಡೆ ಇನ್ನೂ ಸಾಲುಗಟ್ಟಿ ನಡೆದು ಬರುತ್ತಿತ್ತು, ಯುದ್ಧಕ್ಕೆ ನಿಂತೇ ಇರಲಿಲ್ಲ. ಫ್ಲಮಿನಿನಸ್ ಅಲ್ಲಿಗೆ ಆನೆ ನುಗ್ಗಿಸಿದ. ಆಮೇಲೆ ಹೆಸರೇ ಗೊತ್ತಿಲ್ಲದ ಒಬ್ಬ ಟ್ರಿಬ್ಯೂನ್ (ರೋಮನ್ ಸೇನಾಧಿಕಾರಿ) 20 ತುಕಡಿ ಕರೆದುಕೊಂಡು, ಗೆಲ್ಲುತ್ತಿದ್ದ ಫಿಲಿಪ್‌ನ ದಂಡಿನ ಬೆನ್ನಿಗೆ ಬಿದ್ದ. ಅಲ್ಲಿಗೆ ಕಥೆ ಮುಗಿಯಿತು. ಇತಿಹಾಸಕಾರ ಪೊಲಿಬಿಯಸ್ ಪ್ರಕಾರ ಮ್ಯಾಸಿಡೋನಿಯದವರು ಸುಮಾರು 8,000 ಜನ ಸತ್ತರು, ರೋಮನ್ನರು ಸುಮಾರು 700.

ಹಾಗಾಗಿ ನಾನು ನೋಡಿದ್ದು ಎರಡೇ ವಿಷಯ. ಎಡಗಡೆ ಸಮಯಕ್ಕೆ ಬರುತ್ತದೋ ಇಲ್ಲವೋ ಎಂಬ ಫಿಲಿಪ್‌ನ ತಲೆಬಿಸಿ ಆಡುವವನಿಗೂ ಬರುತ್ತಾ? ಆ ಟ್ರಿಬ್ಯೂನ್ ಮಾಡಿದ ಕೆಲಸಕ್ಕೆ ಟೇಬಲ್ ಮೇಲೆ ದಾರಿ ಇದೆಯಾ?

ಮೊದಲು ಹಳೆಯದು, ಡಬ್ಲ್ಯುಆರ್‌ಜಿ (ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್) ರೂಲ್ಸ್‌ನ ಆರನೇ ಆವೃತ್ತಿ, 1980ರದ್ದು. ವಿವರ ಅಂದರೆ ಇದು. ಒಂದು ಗೊಂಬೆ ಅಂದರೆ 20 ಸೈನಿಕರು. ಯಾರ ಮೈಮೇಲೆ ಎಂಥ ಕವಚ, ಕೈಯಲ್ಲಿ ಯಾವ ಆಯುಧ, ಸಾಲು ಒತ್ತಾಗಿದೆಯೋ ಸಡಿಲವೋ, ಎಲ್ಲಕ್ಕೂ ಒಂದೊಂದು ಅಂಕ. ಎಲ್ಲ ಕೂಡಿಸಿ ಕಳೆದು ಕೋಷ್ಟಕದಲ್ಲಿ ಬೆರಳಿಟ್ಟು ನೋಡಿದರೆ ಎಷ್ಟು ಜನ ಸತ್ತರು ಅಂತ ಸಿಗುತ್ತದೆ, 20 ತುಂಬದೆ ಉಳಿದ ಹೆಣಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು, ಆಮೇಲೆ ಆ ದಂಡು ಹೆದರಿತೋ ನಿಂತಿತೋ ಅಂತ ಇನ್ನೊಂದು ಉದ್ದದ ಲೆಕ್ಕ. ನನ್ನ ಗೆಳೆಯ ಲೆಕ್ಕಪತ್ರದ ಕೆಲಸದವನು, ಅವನಿಗೆ ಇದು ಭಾರೀ ಖುಷಿ ಕೊಟ್ಟಿತು. ನನಗೆ ತಲೆನೋವು. ಸಂಜೆ ಪೂರ್ತಿ ಹೋಯಿತು, ಫಿಲಿಪ್‌ನ ಎಡಗಡೆ ಗುಡ್ಡ ಹತ್ತಿರಲೇ ಇಲ್ಲ. ಟ್ರಿಬ್ಯೂನ್ ವಿಷಯಕ್ಕೆ ಬಂದರೆ, ಆದೇಶಗಳನ್ನು ಆಟಕ್ಕೆ ಮುಂಚೆ ಬರೆದಿಡಬೇಕು. ತನ್ನ ಬುದ್ಧಿಯಿಂದಲೇ ದಿಕ್ಕು ಬದಲಿಸಿದ ಅಧಿಕಾರಿಯನ್ನು ಮೊದಲೇ ಬರೆದಿಡುವುದು ಹೇಗೆ? ಎಸೆಯುವ ಈಟಿ ಎಷ್ಟು ಭಾರ ಅಂತ ಈ ಪುಸ್ತಕಕ್ಕೆ ಚೆನ್ನಾಗಿ ಗೊತ್ತು, ಸೇನಾಪತಿಯ ಸಂಕಟ ಅಷ್ಟಾಗಿ ಗೊತ್ತಿಲ್ಲ.

ಮಜಾ ಅಂದರೆ ಇದರ ತೀರಾ ವಿರುದ್ಧ ತುದಿಯಲ್ಲಿರುವ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಹಿಂದೆಯೂ ಆ ಹಳೆಯ ಪುಸ್ತಕ ಬರೆದ ಫಿಲ್ ಬಾರ್ಕರ್ ಇದ್ದಾನೆ. 1990ರಲ್ಲಿ ಬಂತು. ಒಂದು ಸೈನ್ಯಕ್ಕೆ 12 ತುಂಡು (ಒಂದೊಂದು ತುಂಡೂ ಒಂದು ದಂಡು), ಅಷ್ಟೇ. ಪ್ರತಿ ಸರದಿಗೆ ಒಂದು ದಾಳ. ಎಷ್ಟು ಬಿತ್ತೋ ಅಷ್ಟು ನಡೆ, ಒಂದು ತುಂಡಿಗೆ ಅಥವಾ ಒಟ್ಟಾಗಿ ನಿಂತ ಒಂದು ಗುಂಪಿಗೆ ಒಂದು. ಒಂದು ಬಿದ್ದಾಗ ಬಲಗಡೆ ಗೆಲ್ಲುತ್ತಿರುವವರನ್ನು ಇನ್ನೂ ಮುಂದಕ್ಕೆ ತಳ್ಳಲಾ, ಎಡಗಡೆಯನ್ನು ಗುಡ್ಡಕ್ಕೆ ತರಲಾ? ಫಿಲಿಪ್‌ನ ತಲೆಬಿಸಿ ಪೂರ್ತಿ ಬಂದುಬಿಟ್ಟಿತು, ಅದೂ ಒಂದೇ ದಾಳದಲ್ಲಿ.

ಹೊಡೆದಾಟ ಇನ್ನೂ ಚೆಂದ. ಎರಡು ಸಾಲು ಉದ್ದ ಈಟಿಯವರಿಗೆ ಕಾಲಾಳಿನ ಎದುರು ಒಟ್ಟು 6, ರೋಮನ್ ಕತ್ತಿಯವರಿಗೆ 5. ಇಬ್ಬರೂ ಒಂದೊಂದು ದಾಳ ಹಾಕಿ ಕೂಡಿಸುತ್ತಾರೆ. ಕಡಿಮೆ ಬಂದವನು ಹಿಂದೆ ಸರಿಯುತ್ತಾನೆ, ಎದುರಾಳಿಯ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬಂದರೆ ಸಾಯುತ್ತಾನೆ. ಲೆಕ್ಕ ಹಾಕಿ ನೋಡಿ. ಬೇರೆ ಕೂಡುವುದು ಕಳೆಯುವುದು ಇಲ್ಲದಿದ್ದರೆ, ನೇರ ಎದುರಿನಿಂದ ರೋಮನ್ ಎಷ್ಟೇ ಹೊಡೆದರೂ ಈಟಿಯ ದಂಡನ್ನು ಸಾಯಿಸಲು ಆಗುವುದೇ ಇಲ್ಲ. ಈಟಿಯವನಿಗೆ 36ರಲ್ಲಿ ಒಂದು ಅವಕಾಶ. ಅಂದರೆ ಬರೀ ತಳ್ಳಾಟ. ಆದರೆ ಒಬ್ಬ ರೋಮನ್ ಪಕ್ಕಕ್ಕೆ ಬಂದು ಅಂಟಿಕೊಂಡರೆ ಈಟಿಯವನಿಗೆ ಒಂದು ಅಂಕ ಕಡಿಮೆ, ಮತ್ತು ಹಿಂದೆ ಸರಿಯಬೇಕಾಗಿ ಬಂದರೆ ಜಾಗವಿಲ್ಲದೆ ಸತ್ತೇ ಹೋಗುತ್ತಾನೆ. ಸೊನ್ನೆ ಇದ್ದದ್ದು 36ರಲ್ಲಿ 15ಕ್ಕೆ ಏರುತ್ತದೆ! ಈಟಿಯ ದಂಡನ್ನು ಎದುರಿನಿಂದ ಯಾರೂ ತಡೆಯಲಾರರು, ಪಕ್ಕ ಮತ್ತು ಬೆನ್ನಲ್ಲೇ ಅದರ ಸಾವು ಅಂತ ಪೊಲಿಬಿಯಸ್ ಪುಟಗಟ್ಟಲೆ ವಿವರಿಸಿದ್ದು ಇಲ್ಲಿ ಎರಡು ಸಾಲಿನಲ್ಲಿದೆ. ಇದನ್ನು ವಿವರ ಇಲ್ಲದ ಆಟ ಅನ್ನುವವರು ಪುಟಗಳನ್ನು ಎಣಿಸುತ್ತಿದ್ದಾರೆ ಅಷ್ಟೇ.

ಬೇಜಾರು ಎರಡು. ಇಂಗ್ಲಿಷ್ ಎಷ್ಟು ಬಿಗಿಯಾಗಿದೆ ಅಂದರೆ ಒಂದೊಂದು ವಾಕ್ಯವನ್ನೂ ವಕೀಲರ ಹತ್ತಿರ ಓದಿಸಬೇಕು. ಮತ್ತೆ ತುಂಡುಗಳ ಮೂಲೆಗೆ ಮೂಲೆ ಸರಿಹೊಂದಿಸುವ ಮಿಲಿಮೀಟರ್ ಜಗಳ. ನಾವು ಜಾಸ್ತಿ ಕೂಗಾಡಿದ್ದು ಅಲ್ಲೇ.

ಹೈಲ್ ಸೀಸರ್ 2011ರದ್ದು, ದೊಡ್ಡ ಟೇಬಲ್ಲಿನ ಆಟ. ಇಲ್ಲಿ ಆದೇಶವನ್ನು ಬಾಯಿಬಿಟ್ಟು ಹೇಳಬೇಕು, ಆಮೇಲೆ ಎರಡು ದಾಳ. ನಾಯಕನ ಅಂಕ ಸಾಮಾನ್ಯವಾಗಿ 8. ಅಷ್ಟು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ದಂಡು ಮಾತು ಕೇಳುತ್ತದೆ, ಅಂದರೆ ನೂರಕ್ಕೆ ಸುಮಾರು 72 ಸಲ. 5 ಅಥವಾ ಕಡಿಮೆ ಬಿದ್ದರೆ ಒಂದೇ ಸರದಿಯಲ್ಲಿ ಮೂರು ನಡೆ. ನಮ್ಮ ಆಟದಲ್ಲಿ ಟ್ರಿಬ್ಯೂನ್‌ಗೆ ಸರಿಯಾದ ಹೊತ್ತಿಗೆ ಆ ಮೂರು ನಡೆ ಸಿಕ್ಕಿಬಿಟ್ಟವು. ಫಿಲಿಪ್ ಆಗಿದ್ದ ಗೆಳೆಯನ ಮುಖ ನೋಡಬೇಕಿತ್ತು! ಆದರೆ ಹೊಡೆದಾಟಕ್ಕೆ ಬಂದರೆ ವಿವರ ಸುಳ್ಳೇ ಉಬ್ಬಿದಂತೆ ಅನ್ನಿಸಿತು. ಭಾರಿ ಕಾಲಾಳಿಗೆ 7 ದಾಳ, 4 ಅಥವಾ ಹೆಚ್ಚು ಬಿದ್ದದ್ದು ಪೆಟ್ಟು, ಎದುರಿನವನು ಮತ್ತೆ 4 ಅಥವಾ ಹೆಚ್ಚು ಹಾಕಿ ಅದನ್ನು ತಪ್ಪಿಸಿಕೊಳ್ಳುತ್ತಾನೆ. ಇಷ್ಟೆಲ್ಲ ಉರುಳಿಸಿ ಸರಾಸರಿ ಉಳಿಯುವುದು ಎರಡಕ್ಕಿಂತ ಕಡಿಮೆ ಪೆಟ್ಟು. ದಾಳ ಉರುಳುವ ಸದ್ದು ಇಷ್ಟಪಡುವವರಿಗೆ ಸರಿ. ನಾಲ್ಕೈದು ಜನ ಸೇರಿ, ಕಾಫಿ ಕುಡಿಯುತ್ತಾ, ಒಬ್ಬರನ್ನೊಬ್ಬರು ರೇಗಿಸುತ್ತಾ ಆಡಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಕೊನೆಯದು ಟು ದಿ ಸ್ಟ್ರಾಂಗೆಸ್ಟ್. ದಾಳವೂ ಬೇಡ, ಅಳತೆ ಟೇಪೂ ಬೇಡ. ಟೇಬಲ್ ಮೇಲೆ ಚೌಕ ಮನೆಗಳು, ಕೈಯಲ್ಲಿ ಇಸ್ಪೀಟು. ರಾಜ, ರಾಣಿ, ಗುಲಾಮರನ್ನು ತೆಗೆದಿಟ್ಟು ಎಕ್ಕದಿಂದ ಹತ್ತರವರೆಗೆ ಇಟ್ಟುಕೊಳ್ಳಬೇಕು. ಒಂದು ದಂಡನ್ನು ನಡೆಸಲು ಒಂದು ಎಲೆ ತೆಗೆಯುತ್ತೀರಿ, ಎಕ್ಕ ಬಿದ್ದರೆ ಕೆಟ್ಟಿತು. ಅದೇ ದಂಡನ್ನು ಇನ್ನೊಮ್ಮೆ ನಡೆಸಬಹುದು, ಆದರೆ ಹಿಂದಿನ ಎಲೆಗಿಂತ ದೊಡ್ಡದು ಬರಲಿಲ್ಲವೋ, ಆ ದಂಡಿನ ನಾಯಕನ ಇಡೀ ತಂಡದ ಸರದಿ ಮುಗಿಯಿತು. ಮೊದಲು 3 ಬಂದರೆ ಧೈರ್ಯ, 9 ಬಂದರೆ ಎದೆ ಢವಢವ. ಇಲ್ಲಿಗೆ ಸಾಕಾ, ಇನ್ನೊಂದು ತೆಗೆಯಲಾ? ಮಿಲಿಮೀಟರ್ ಜಗಳ ಪೂರ್ತಿ ನಿಂತುಹೋಯಿತು. ಚೌಕದಲ್ಲಿ ಇದ್ದೀಯ ಅಥವಾ ಇಲ್ಲ, ಅಷ್ಟೇ. ಇಡೀ ಕಿನೋಸ್ಕೆಫಲೈ ಊಟದ ಹೊತ್ತಿಗೆ ಮುಗಿಯಿತು, ಆನೆ, ಟ್ರಿಬ್ಯೂನ್ ಎಲ್ಲ ಸೇರಿ. ಗುಡ್ಡದ ಏರಿಳಿತ ಮಾತ್ರ ಚೌಕಕ್ಕೆ ಸಿಕ್ಕಿ ಸ್ವಲ್ಪ ಚಪ್ಪಟೆಯಾಗುತ್ತದೆ.

ನನ್ನ ಓಟು ಇದಕ್ಕೇ. ಗೆಳೆಯ ಒಪ್ಪುವುದಿಲ್ಲ, ಅವನಿಗೆ ಈಗಲೂ 1980ರ ಕೋಷ್ಟಕವೇ ಬೇಕು. ಎದುರಿಗೆ ಯಾರೂ ಸಿಗದೆ ಒಬ್ಬರೇ ಆಡುವವರಾದರೆ ಡಿಬಿಎ ತೆಗೆದುಕೊಳ್ಳಿ. ಕಡೆಗೆ 12ರಂತೆ ತುಂಡು ರಟ್ಟಿನಲ್ಲಿ ಕತ್ತರಿಸಿದರೂ ಸಾಕು, ಮತ್ತು ಒಂದು ದಾಳ ಕೊಟ್ಟಷ್ಟೇ ನಡೆ ಇರುವುದರಿಂದ ಎರಡೂ ಕಡೆ ನೀವೇ ಕೂತರೂ ಮೋಸ ಮಾಡಲು ಜಾಸ್ತಿ ಜಾಗ ಇರುವುದಿಲ್ಲ. ಹೈಲ್ ಸೀಸರ್ ಒಬ್ಬರೇ ಆಡಿದರೆ ಖಾಲಿ ಕೋಣೆಯಲ್ಲಿ ಜೋರಾಗಿ ಆದೇಶ ಕೊಡುತ್ತಾ ಕೂರಬೇಕಾಗುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.